ಕಿಡಿಯ ಸಾಧಕ ಚಾರ್ಲ್ಸ್ ಕೆಟರಿಂಗ್

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಹೆಸರನ್ನು ಕೇಳದ ಹಿರಿಯರು ಕನ್ನಡ ನಾಡಿನಲ್ಲಿ ವಿರಳ. ಅಲ್ಲಿ ತಯಾರಾದ ಜಾವಾ ಮೋಟಾರು ಸೈಕಲ್ಲುಗಳು ಇಂದಿಗೂ ಅಲ್ಲಲ್ಲಿ ರಸ್ತೆಯ ಮೇಲೆ ಓಡುತ್ತಿವೆ. ಸವಾರನು ಕೀಲಿಯನ್ನು ತಿರುಗಿಸಿ ಕಾಲಿನಿಂದ ಒಮ್ಮೆ ಒದೆದರೆ ಎಂಜಿನ್ನು ಗುಡುಗುಟ್ಟುತ್ತ ಎಚ್ಚರಗೊಳ್ಳುತ್ತದೆ. ಆ ಕ್ಷಣದಲ್ಲಿ ಎಂಜಿನ್ನಿನ ಒಳಗೆ ಕಣ್ಣಿಗೆ ಕಾಣದ ಒಂದು ಸಣ್ಣ ಕಿಡಿ ಹಾರಿರುತ್ತದೆ. ಕೇವಲ 6 ವೋಲ್ಟ್ ಶಕ್ತಿಯ ಬ್ಯಾಟರಿಯಿಂದ ಸಾವಿರಾರು ವೋಲ್ಟುಗಳ ಕಿಡಿಯನ್ನು ಪಡೆಯುವ ಈ ವ್ಯವಸ್ಥೆಯನ್ನು ವಾಹನಗಳಿಗೆ ಒಗ್ಗಿಸಿ, ನಂಬಿಕೆಗೆ ಅರ್ಹವಾಗುವಂತೆ ಮಾಡಿದವರು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್. ಅವರ ಬಾಳು ಸಾಧನೆಯ ಕಥೆ. ಜೊತೆಗೆ ಒಂದು ಎಚ್ಚರಿಕೆಯ ಕಥೆಯೂ ಹೌದು.

ಕೆಟರಿಂಗ್ 1876ನೆಯ ಇಸವಿ ಆಗಸ್ಟ್ 29ರಂದು ಅಮೆರಿಕದ ಒಹಾಯೊ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಬಳಿಯ ಒಂದು ಹೊಲಮನೆಯಲ್ಲಿ ಹುಟ್ಟಿದರು. ತಂದೆ ಜೇಕಬ್, ತಾಯಿ ಮಾರ್ಥಾ. ಅದು ದುಡಿಮೆಯನ್ನೇ ನಂಬಿದ ರೈತ ಕುಟುಂಬ. ಬಾಲಕ ಚಾರ್ಲ್ಸನಿಗೆ ಓದಿನಲ್ಲಿ ಅಪಾರ ಆಸಕ್ತಿ; ಆದರೆ ಅವನ ಕಣ್ಣುಗಳು ಬಹಳ ದುರ್ಬಲವಾಗಿದ್ದವು. ಸ್ವಲ್ಪ ಹೊತ್ತು ಪುಸ್ತಕ ಹಿಡಿದರೆ ತಲೆನೋವು ಬರುತ್ತಿತ್ತು. ಹೊಲದ ಕೆಲಸ, ಯಂತ್ರಗಳ ಒಡನಾಟ, ಕೈಯಿಂದ ಮುಟ್ಟಿ ನೋಡಿ ತಿಳಿಯುವ ಕುತೂಹಲ ಇವು ಪುಸ್ತಕದ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು.

ಪ್ರೌಢಶಾಲೆಯ ವ್ಯಾಸಂಗ ಮುಗಿದ ಮೇಲೆ ಕೆಟರಿಂಗ್ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾದರು. ಅನಂತರ ಕಾಲೇಜನ್ನು ಸೇರಿದರು. ಆದರೆ ಕಣ್ಣಿನ ಬಾಧೆ ಅವರನ್ನು ಬಿಡಲಿಲ್ಲ. ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ವ್ಯಾಸಂಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬೇರೊಬ್ಬರಾಗಿದ್ದರೆ ಅದೃಷ್ಟವನ್ನು ಹಳಿಯುತ್ತ ಮನೆಯಲ್ಲಿ ಕುಳಿತುಬಿಡುತ್ತಿದ್ದರೇನೋ! ಕೆಟರಿಂಗ್ ಹಾಗೆ ಮಾಡಲಿಲ್ಲ. ಟೆಲಿಫೋನ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ಕಂಬ ನೆಟ್ಟು ತಂತಿ ಎಳೆಯುವ ಕೂಲಿಗಾರರ ತಂಡಕ್ಕೆ ಮೇಸ್ತ್ರಿಯಾದರು. ಬಯಲಿನ ಗಾಳಿಯಲ್ಲಿ ದುಡಿದದ್ದರಿಂದ ಕಣ್ಣುಗಳಿಗೆ ವಿಶ್ರಾಂತಿ ದೊರೆಯಿತು; ವಿದ್ಯುತ್ತಿನ ನಡೆ ನುಡಿಗಳ ಪರಿಚಯವೂ ಆಯಿತು. ಮತ್ತೆ ವಿಶ್ವವಿದ್ಯಾಲಯಕ್ಕೆ ಮರಳಿ, 1904ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಪಡೆದರು. ಆಗ ಅವರ ವಯಸ್ಸು ಇಪ್ಪತ್ತೇಳು ದಾಟಿತ್ತು. ತಡವಾಗಿ ಹಣ್ಣಾದರೂ ಆ ವಿದ್ಯೆ ಗಟ್ಟಿಯಾಗಿತ್ತು.

ಪದವಿ ಪಡೆದೊಡನೆ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ಅವರಿಗೆ ಉದ್ಯೋಗ ದೊರೆಯಿತು. ಅಂಗಡಿಗಳಲ್ಲಿ ಹಣದ ಲೆಕ್ಕವಿಡುವ ಯಂತ್ರಗಳನ್ನು ಆ ಕಂಪನಿ ತಯಾರಿಸುತ್ತಿತ್ತು. ಆ ಯಂತ್ರವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಅದಕ್ಕೆ ವಿದ್ಯುತ್ ಮೋಟಾರನ್ನು ಜೋಡಿಸುವ ಕೆಲಸ ಕೆಟರಿಂಗ್ ಅವರ ಪಾಲಿಗೆ ಬಂದಿತು. ಸದಾ ತಿರುಗುವ ಮೋಟಾರು ದೊಡ್ಡದಾಗಿರಬೇಕಾಗುತ್ತದೆ. ಆದರೆ ಹಣದ ಪೆಟ್ಟಿಗೆಯನ್ನು ತೆರೆಯಲು ಬೇಕಾದುದು ಒಂದು ಕ್ಷಣದ ಬಲ ಮಾತ್ರ. ಆ ಒಂದು ಕ್ಷಣದ ಮಟ್ಟಿಗೆ ಚಿಕ್ಕ ಮೋಟಾರಿನ ಮೇಲೆ ದೊಡ್ಡ ಭಾರವನ್ನು ಹೊರಿಸಿದರೂ ಅದು ಸುಟ್ಟುಹೋಗದು ಎಂಬುದನ್ನು ಅವರು ಕಂಡುಕೊಂಡರು. ಈ ಚಿಕ್ಕ ತಿಳಿವಳಿಕೆ ಮುಂದೆ ಮೋಟಾರು ವಾಹನಗಳ ಚರಿತ್ರೆಯನ್ನೇ ಬದಲಿಸಿತು.

ಆ ಕಾಲದಲ್ಲಿ ಮೋಟಾರು ಕಾರುಗಳು ಹೊಸದಾಗಿ ರಸ್ತೆಗೆ ಇಳಿಯುತ್ತಿದ್ದವು. ಅವುಗಳ ದೊಡ್ಡ ತೊಡಕು ಕಿಡಿಯದೇ ಆಗಿತ್ತು. ಪೆಟ್ರೋಲು ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನೊಳಗೆ ಒತ್ತಿ, ತಕ್ಕ ಕ್ಷಣದಲ್ಲಿ ಕಿಡಿ ತಾಗಿಸಿ ಉರಿಸಬೇಕು. ಕಿಡಿ ಮೊದಲೇ ಹಾರಿದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ; ತಡವಾದರೆ ಶಕ್ತಿ ವ್ಯರ್ಥವಾಗುತ್ತದೆ. ಅಂದು ಕಿಡಿಗಾಗಿ ಎರಡು ಉಪಾಯಗಳಿದ್ದವು. ಒಂದು, ತಾನೇ ವಿದ್ಯುತ್ತನ್ನು ಉತ್ಪಾದಿಸಿಕೊಳ್ಳುವ ಮ್ಯಾಗ್ನೆಟೊ. ಅದು ವೇಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಬೆಲೆ ಹೆಚ್ಚು, ಮತ್ತು ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ ಚಾಲೂ ಮಾಡುವಾಗ ಕಿಡಿ ದುರ್ಬಲವಾಗುತ್ತಿತ್ತು. ಇನ್ನೊಂದು, ಒಣ ಬ್ಯಾಟರಿಗೆ ಜೋಡಿಸಿದ ಕಂಪನದ ಕಾಯಿಲ್. ಇದರಲ್ಲಿ ಒಂದು ಲೋಹದ ನಾಲಗೆ ಸದಾ ಅದುರುತ್ತ ಕಿಡಿಗಳ ಮಳೆಯನ್ನೇ ಸುರಿಸುತ್ತಿತ್ತು. ಒಂದು ಕಿಡಿ ಸಾಕಾದಲ್ಲಿ ಹತ್ತು ಕಿಡಿಗಳು ಹಾರಿ ಬ್ಯಾಟರಿ ಬೇಗನೆ ಬರಿದಾಗುತ್ತಿತ್ತು.

ಕಂಪನಿಯ ಅಧಿಕಾರಿಯಾಗಿದ್ದ ಎಡ್ವರ್ಡ್ ಡೀಡ್ಸ್ ಈ ತೊಡಕನ್ನು ಕೆಟರಿಂಗ್ ಅವರ ಗಮನಕ್ಕೆ ತಂದರು. ಡೀಡ್ಸ್ ಅವರ ಮನೆಯ ಹಿತ್ತಿಲಿನಲ್ಲಿ ಒಂದು ಕೊಟ್ಟಿಗೆಯಿತ್ತು. ಹಗಲೆಲ್ಲ ಕಂಪನಿಯ ಕೆಲಸ, ರಾತ್ರಿ ಮತ್ತು ರಜಾದಿನಗಳಲ್ಲಿ ಕೊಟ್ಟಿಗೆಯ ಕೆಲಸ. ವಿಲಿಯಂ ಕ್ರಿಸ್ಟ್ ಮೊದಲಾದ ಸಹೋದ್ಯೋಗಿಗಳೂ ಜೊತೆಗೂಡಿದರು. ಡೇಟನ್ನಿನ ಜನ ಇವರನ್ನು ಕೊಟ್ಟಿಗೆಯ ತಂಡವೆಂದೇ ಗುರುತಿಸಿದರು. ಅಲ್ಲಿ ವೈಭವದ ಪ್ರಯೋಗಾಲಯವಿರಲಿಲ್ಲ. ಕೈಗೆ ಸಿಕ್ಕ ಉಪಕರಣಗಳೂ ಕುಂದದ ಉತ್ಸಾಹವೂ ಇದ್ದವು.

ಕೆಟರಿಂಗ್ ಆಶ್ರಯಿಸಿದ ತತ್ತ್ವ ಹೊಸದೇನೂ ಅಲ್ಲ. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲಿಯೇ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದಿದ್ದರು. ಕಾಯಿಲಿನೊಳಗೆ ಮೆದು ಕಬ್ಬಿಣದ ತಿರುಳಿರುತ್ತದೆ. ಅದರ ಸುತ್ತ ಎರಡು ಸುರುಳಿಗಳು. ಪ್ರಾಥಮಿಕ ಸುರುಳಿಯಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳು. ದ್ವಿತೀಯಕ ಸುರುಳಿಯಲ್ಲಿ ಕೂದಲಿನಂತಹ ತೆಳು ತಂತಿಯ ಸಾವಿರಾರು ಸುತ್ತುಗಳು. ಪಾಯಿಂಟ್ ಎಂದು ಕರೆಯುವ ಎರಡು ಲೋಹದ ಗುಂಡಿಗಳು ಒಂದನ್ನೊಂದು ಮುಟ್ಟಿರುವಾಗ ಬ್ಯಾಟರಿಯ ವಿದ್ಯುತ್ತು ಪ್ರಾಥಮಿಕ ಸುರುಳಿಯಲ್ಲಿ ಹರಿದು ಕಬ್ಬಿಣವನ್ನು ಕಾಂತವಾಗಿಸುತ್ತದೆ. ಎಂಜಿನ್ನಿನೊಡನೆ ತಿರುಗುವ ಕ್ಯಾಮ್ ಸರಿಯಾದ ಗಳಿಗೆಯಲ್ಲಿ ಪಾಯಿಂಟನ್ನು ಬಿಡಿಸುತ್ತದೆ. ಪ್ರವಾಹ ನಿಂತೊಡನೆ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತವೇ ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳನ್ನು ಎಬ್ಬಿಸುತ್ತದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಕ್ಕದಲ್ಲಿರುವ ಕಂಡೆನ್ಸರ್ ಪಾಯಿಂಟಿನ ನಡುವೆ ಕಿಡಿ ಹಾರದಂತೆ ತಡೆದು, ಪ್ರವಾಹ ಥಟ್ಟನೆ ನಿಲ್ಲಲು ನೆರವಾಗುತ್ತದೆ.

ಹಾಗಾದರೆ ಕೆಟರಿಂಗ್ ಅವರ ಹಿರಿಮೆ ಯಾವುದು? ಕಿಡಿಗಳ ಮಳೆಯ ಬದಲು ಒಂದು ಸಲಕ್ಕೆ ಒಂದೇ ಬಲವಾದ ಕಿಡಿ ಸಾಕೆಂದು ತಿಳಿದು, ಅದಕ್ಕೆ ತಕ್ಕಂತೆ ಬ್ಯಾಟರಿ, ಸ್ವಿಚ್ಚು, ಕಾಯಿಲುಗಳನ್ನು ಒಂದಕ್ಕೊಂದು ಹೊಂದಿಸಿದ್ದೇ ಅವರ ಹಿರಿಮೆ. ಇದರಿಂದ ಬ್ಯಾಟರಿಯ ಬಾಳಿಕೆ ಹಲವು ಪಟ್ಟು ಹೆಚ್ಚಿತು. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥರಾದ ಹೆನ್ರಿ ಲೆಲೆಂಡ್ ನಿಖರತೆಗೆ ಹೆಸರಾದವರು. ಅವರು ಈ ವ್ಯವಸ್ಥೆಯನ್ನು ಪರೀಕ್ಷಿಸಿ ಮೆಚ್ಚಿ, ಸಾವಿರಾರು ಜೊತೆಗಳಿಗೆ ಬೇಡಿಕೆ ಸಲ್ಲಿಸಿದರು. 1909ರಲ್ಲಿ ಕೆಟರಿಂಗ್ ಖಾತರಿಯಾದ ಸಂಬಳವನ್ನು ತೊರೆದು, ಡೀಡ್ಸ್ ಅವರೊಡನೆ ಡೆಲ್ಕೊ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಎರಡನೆಯ ತೊಡಕು ಇನ್ನೂ ಭಯಂಕರವಾಗಿತ್ತು. ಕಾರನ್ನು ಚಾಲೂ ಮಾಡಲು ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಎಂಜಿನ್ನು ಹಿಂದಕ್ಕೆ ಒದೆದರೆ ಹಿಡಿ ತಿರುಗಿ ಬಡಿದು ಕೈ ಮುರಿಯುತ್ತಿತ್ತು, ದವಡೆ ಒಡೆಯುತ್ತಿತ್ತು. ಲೆಲೆಂಡ್ ಅವರ ಮಿತ್ರರೊಬ್ಬರು ಇಂತಹ ಪೆಟ್ಟು ತಿಂದು ಮುಂದೆ ತೀರಿಕೊಂಡರೆಂದೂ, ಆ ದುಃಖವೇ ಅವರನ್ನು ಹೊಸ ಉಪಾಯ ಹುಡುಕಲು ಪ್ರೇರಿಸಿತೆಂದೂ ಹೇಳುತ್ತಾರೆ. ಎಂಜಿನ್ನನ್ನು ತಿರುಗಿಸುವ ವಿದ್ಯುತ್ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಾಗಬೇಕೆಂದು ತಜ್ಞರು ತಲೆಯಾಡಿಸಿದರು. ಕೆಟರಿಂಗ್ ಅವರಿಗೆ ಹಣದ ಪೆಟ್ಟಿಗೆಯ ಪಾಠ ನೆನಪಿಗೆ ಬಂದಿತು. ಎಂಜಿನ್ನು ಎಚ್ಚರಗೊಳ್ಳಲು ಬೇಕಾದುದೂ ಕೆಲವು ಕ್ಷಣಗಳ ಬಲ ಮಾತ್ರವಲ್ಲವೆ?

ಕೊಟ್ಟಿಗೆಯ ತಂಡ ಹಗಲಿರುಳು ದುಡಿಯಿತು. 1911ರಲ್ಲಿ ಸ್ವಯಂಚಾಲಕ ಸಿದ್ಧವಾಯಿತು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಅಳವಟ್ಟಿತು. ಒಂದೇ ಯಂತ್ರ ಮೊದಲು ಮೋಟಾರಾಗಿ ಎಂಜಿನ್ನನ್ನು ತಿರುಗಿಸುತ್ತಿತ್ತು; ಎಂಜಿನ್ನು ಓಡತೊಡಗಿದ ಮೇಲೆ ಜನರೇಟರಾಗಿ ಬ್ಯಾಟರಿಯನ್ನು ತುಂಬುತ್ತಿತ್ತು. ಆ ಬ್ಯಾಟರಿಯಿಂದಲೇ ಕಿಡಿ, ಆ ಬ್ಯಾಟರಿಯಿಂದಲೇ ದೀಪ. ಹೀಗೆ ಬಿಡಿಬಿಡಿಯಾಗಿದ್ದ ಭಾಗಗಳು ಒಂದು ಸಂಸಾರವಾದವು. ಬಲಿಷ್ಠ ತೋಳುಗಳಿಲ್ಲದ ವೃದ್ಧರೂ ಸ್ತ್ರೀಯರೂ ನಿರಾಯಾಸವಾಗಿ ಕಾರು ನಡೆಸುವಂತಾಯಿತು. ಕೆಟರಿಂಗ್ ಅವರ ಕೀರ್ತಿ ದೇಶದೆಲ್ಲೆಡೆ ಹರಡಿತು.

ಆದರೆ ಕೀರ್ತಿಯ ಬೆನ್ನಿಗೇ ಒಂದು ಆಪಾದನೆಯೂ ಬಂದಿತು. ಹೊಸ ಎಂಜಿನ್ನುಗಳು ಏರನ್ನು ಹತ್ತುವಾಗ ಸುತ್ತಿಗೆಯಿಂದ ಕುಟ್ಟಿದಂತೆ ಟಕಟಕನೆ ಸದ್ದು ಮಾಡುತ್ತಿದ್ದವು. ಮ್ಯಾಗ್ನೆಟೊ ಪಕ್ಷದವರು ಇದಕ್ಕೆ ಕೆಟರಿಂಗ್ ಅವರ ಕಾಯಿಲೇ ಕಾರಣವೆಂದು ಸಾರಿದರು. ಕೆಟರಿಂಗ್ ವಾದಕ್ಕೆ ಇಳಿಯದೆ ಪರೀಕ್ಷೆಗೆ ತೊಡಗಿದರು. 1916ರಿಂದ ಅವರ ಬಳಿ ಕೆಲಸ ಮಾಡುತ್ತಿದ್ದ ಥಾಮಸ್ ಮಿಡ್‌ಗ್ಲಿ ಎಂಬ ತರುಣ ಎಂಜಿನಿಯರಿಗೆ ಈ ಸಮಸ್ಯೆಯನ್ನು ಒಪ್ಪಿಸಿದರು. ದೋಷ ಕಿಡಿಯಲ್ಲಿರಲಿಲ್ಲ, ಇಂಧನದಲ್ಲಿತ್ತು. ಒತ್ತಡ ಹೆಚ್ಚಾದಾಗ ಪೆಟ್ರೋಲಿನ ಒಂದು ಭಾಗ ಸರಾಗವಾಗಿ ಉರಿಯದೆ ಸಿಡಿಯುತ್ತಿತ್ತು. ಅದೇ ಆ ಬಡಿತದ ಮೂಲ. ಕಾಯಿಲು ನಿರ್ದೋಷಿಯೆಂದು ಸಿದ್ಧವಾಯಿತು.

ಇಲ್ಲಿಗೆ ನಿಂತಿದ್ದರೆ ಕಥೆ ನಿಷ್ಕಳಂಕವಾಗಿರುತ್ತಿತ್ತು. ಬಡಿತವನ್ನು ತಗ್ಗಿಸುವ ವಸ್ತುವಿಗಾಗಿ ಹಲವು ವರ್ಷ ಶೋಧನೆ ನಡೆಯಿತು. ಅಯೋಡಿನ್, ಅನಿಲಿನ್, ಟೆಲ್ಯುರಿಯಂ ಮೊದಲಾದವುಗಳನ್ನು ಪರೀಕ್ಷಿಸಿದ್ದಾಯಿತು. 1921ನೆಯ ಡಿಸೆಂಬರಿನಲ್ಲಿ ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವು ಅತ್ಯಲ್ಪ ಪ್ರಮಾಣದಲ್ಲಿಯೇ ಬಡಿತವನ್ನು ಅಡಗಿಸಿತು. ಮದ್ಯಸಾರವನ್ನು ಬೆರೆಸಿದರೂ ಬಡಿತ ತಗ್ಗುತ್ತದೆಂಬುದು ಆ ತಂಡಕ್ಕೆ ತಿಳಿದಿತ್ತು. ಆದರೆ ಸೀಸ ಅಗ್ಗ, ಬೇಕಾಗುವುದೂ ಹನಿಯಷ್ಟು, ಲಾಭವೂ ಹೆಚ್ಚು. 1923ರಲ್ಲಿ ಡೇಟನ್ನಿನಲ್ಲಿಯೇ ಸೀಸ ಬೆರೆತ ಪೆಟ್ರೋಲಿನ ಮಾರಾಟ ಆರಂಭವಾಯಿತು.

ಸೀಸ ವಿಷವೆಂಬುದು ಹಿಂದಿನಿಂದಲೂ ವೈದ್ಯರಿಗೆ ತಿಳಿದಿದ್ದ ಸಂಗತಿ. ಮಿಡ್‌ಗ್ಲಿ ಅವರೇ ಸೀಸದ ವಿಷಕ್ಕೆ ತುತ್ತಾಗಿ ಕೆಲಕಾಲ ವಿಶ್ರಾಂತಿ ಪಡೆಯಬೇಕಾಯಿತು. 1924ರಲ್ಲಿ ನ್ಯೂಜರ್ಸಿಯ ಒಂದು ತಯಾರಿಕಾ ಘಟಕದಲ್ಲಿ ಐವರು ಕಾರ್ಮಿಕರು ಬುದ್ಧಿ ಭ್ರಮಿಸಿ ನರಳಿ ಮಡಿದರು. ಮರುವರ್ಷ ಸರ್ಕಾರ ತಜ್ಞರ ಸಭೆಯನ್ನು ಕರೆಯಿತು. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಇದು ಸಮಸ್ತ ಜನರ ಉಸಿರಿಗೆ ಸೇರುವ ವಿಷವೆಂದು ಎಚ್ಚರಿಸಿದರು. ಕೆಟರಿಂಗ್ ಸೀಸದ ಪೆಟ್ರೋಲನ್ನು ಸಮರ್ಥಿಸುವವರ ಪಕ್ಷದಲ್ಲಿಯೇ ನಿಂತರು. ಕೆಲಕಾಲ ನಿಂತಿದ್ದ ಮಾರಾಟ ಮತ್ತೆ ಆರಂಭವಾಗಿ ಲೋಕವನ್ನೆಲ್ಲ ವ್ಯಾಪಿಸಿತು. ರಸ್ತೆಯ ಹೊಗೆಯಲ್ಲಿ ಸೇರಿದ ಸೀಸ ಮಕ್ಕಳ ರಕ್ತದಲ್ಲಿ ಸೇರಿ, ಅವರ ಬುದ್ಧಿಯ ಬೆಳವಣಿಗೆಯನ್ನು ಕುಗ್ಗಿಸಿತು. ಭಾರತದಲ್ಲಿ ಇಂತಹ ಪೆಟ್ರೋಲು ನಿಂತದ್ದು 2000ನೆಯ ಇಸವಿಯಲ್ಲಿ. ಲೋಕದ ಕಟ್ಟಕಡೆಯ ದೇಶವಾಗಿ ಅಲ್ಜೀರಿಯವು ಅದನ್ನು ಕೈಬಿಟ್ಟದ್ದು 2021ರಲ್ಲಿ. ಒಂದು ಎಂಜಿನ್ನಿನ ಸದ್ದನ್ನು ಅಡಗಿಸಲು ಲೋಕ ತೆತ್ತ ಬೆಲೆ ಅಪಾರವಾದುದು.

ಕೆಟರಿಂಗ್ ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನ ವಿಭಾಗವನ್ನು 1920ರಿಂದ 1947ರವರೆಗೆ ಮುನ್ನಡೆಸಿದರು. ಹಗುರವಾದ ಡೀಸೆಲ್ ಎಂಜಿನ್ನುಗಳನ್ನು ಬೆಳೆಸಿ ರೈಲುಗಳ ಸ್ವರೂಪವನ್ನು ಬದಲಿಸಿದರು. ಗಳಿಸಿದ ಸಂಪತ್ತಿನ ಬಹುಭಾಗವನ್ನು ವಿದ್ಯೆ ಮತ್ತು ವೈದ್ಯಕೀಯ ಸಂಶೋಧನೆಗಳಿಗೆ ಮೀಸಲಿಟ್ಟರು. 1945ರಲ್ಲಿ ಆಲ್‌ಫ್ರೆಡ್ ಸ್ಲೋನ್ ಅವರ ದಾನದಿಂದ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಕ್ಯಾನ್ಸರ್ ಸಂಶೋಧನ ಸಂಸ್ಥೆ ಇಬ್ಬರ ಹೆಸರನ್ನೂ ಹೊತ್ತಿದೆ. ಅದರ ಸಂಶೋಧನೆಯನ್ನು ಸಂಘಟಿಸುವ ಹೊಣೆಯನ್ನು ಕೆಟರಿಂಗ್ ವಹಿಸಿಕೊಂಡಿದ್ದರು. 1958ನೆಯ ಇಸವಿ ನವೆಂಬರ್ 25ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರು ನೆಲಸಿದ್ದ, ಡೇಟನ್ನಿಗೆ ಹೊಂದಿದ ಊರಿಗೆ ಇಂದು ಅವರ ಹೆಸರೇ ಇದೆ.

ಕೆಟರಿಂಗ್ ಅವರ ಕಾಯಿಲು ಅವರಿಗಿಂತಲೂ ಹೆಚ್ಚು ಕಾಲ ಬಾಳಿತು. ಮ್ಯಾಗ್ನೆಟೊವನ್ನೇ ನಂಬಿದ್ದ ಮೋಟಾರು ಸೈಕಲ್ಲುಗಳೂ ಕ್ರಮೇಣ ಬ್ಯಾಟರಿ ಮತ್ತು ಕಾಯಿಲನ್ನು ಒಪ್ಪಿಕೊಂಡವು. ಎಲೆಕ್ಟ್ರಾನಿಕ್ ವ್ಯವಸ್ಥೆಗಳು ಬಂದ ಮೇಲೆ ಪಾಯಿಂಟುಗಳು ಹಿನ್ನೆಲೆಗೆ ಸರಿದವು. ಆದರೂ ಹಳೆಯ ಮೋಟಾರು ಸೈಕಲ್ಲನ್ನು ಅಕ್ಕರೆಯಿಂದ ಉಳಿಸಿಕೊಂಡವರು ಇಂದಿಗೂ ಕೆಟರಿಂಗ್ ಅವರ ಶಾಲೆಯ ವಿದ್ಯಾರ್ಥಿಗಳೇ. ವರ್ಷಗಳ ಬಿಸಿ ಮತ್ತು ಅದುರಾಟದಿಂದ ಕಾಯಿಲಿನೊಳಗಿನ ಹೊದಿಕೆ ಸೀಳುತ್ತದೆ. ತಣ್ಣಗಿರುವಾಗ ಸರಿಯಾಗಿರುವ ಎಂಜಿನ್ನು ಬಿಸಿಯಾದೊಡನೆ ನಿಲ್ಲುತ್ತದೆ. ಆಗ ಹೊಸ ಕಾಯಿಲನ್ನು ಆರಿಸಬೇಕಾಗುತ್ತದೆ.

ಆ ಆಯ್ಕೆಗೆ ಓಮನ ನಿಯಮವೇ ದಾರಿದೀಪ. 6 ವೋಲ್ಟ್ ಬ್ಯಾಟರಿಗೆ ಪ್ರಾಥಮಿಕ ಸುರುಳಿಯ ರೋಧ ಒಂದೂವರೆ ಓಮ್ ಇದ್ದರೆ 4 ಆಂಪಿಯರ್ ಪ್ರವಾಹ ಹರಿಯುತ್ತದೆ. 12 ವೋಲ್ಟ್ ಬ್ಯಾಟರಿಗೆ 3 ಓಮ್ ಇದ್ದರೂ ಅಷ್ಟೇ ಪ್ರವಾಹ. ಪಾಯಿಂಟುಗಳು ಅದನ್ನು ತಾಳಬಲ್ಲವು. 12 ವೋಲ್ಟಿನ ವಾಹನಕ್ಕೆ ಒಂದೂವರೆ ಓಮಿನ ಕಾಯಿಲನ್ನು ಜೋಡಿಸಿದರೆ ಪ್ರವಾಹ 8 ಆಂಪಿಯರಿಗೆ ಏರಿ ಪಾಯಿಂಟು ಸುಡುತ್ತದೆ, ಕಾಯಿಲು ಕಾಯುತ್ತದೆ. 6 ವೋಲ್ಟಿನ ವಾಹನಕ್ಕೆ 3 ಓಮಿನ ಕಾಯಿಲನ್ನು ಜೋಡಿಸಿದರೆ ಪ್ರವಾಹ 2 ಆಂಪಿಯರಿಗೆ ಇಳಿದು ಕಿಡಿ ಸೊರಗುತ್ತದೆ. ಎಲೆಕ್ಟ್ರಾನಿಕ್ ವ್ಯವಸ್ಥೆಗೆಂದು ಮಾಡಿದ ಕಾಯಿಲಿನ ರೋಧ ಇನ್ನೂ ಕಡಿಮೆ. ಅದು ಎಷ್ಟೇ ಬಲಶಾಲಿಯೆಂದು ಹೇಳಿದರೂ ಪಾಯಿಂಟುಳ್ಳ ಹಳೆಯ ವಾಹನಕ್ಕೆ ಸಲ್ಲದು. ಎರಡು ಸಿಲಿಂಡರುಗಳ ವಾಹನಗಳಲ್ಲಿ ಕೆಲವಕ್ಕೆ ಎರಡು ಕಾಯಿಲುಗಳು ಬೇಕು. ಕೆಲವಕ್ಕೆ ಎರಡು ತಂತಿ ಹೊರಡುವ ಒಂದೇ ಕಾಯಿಲು ಸಾಕು. ಕಾಯಿಲನ್ನು ದೂರುವ ಮೊದಲು ಕಂಡೆನ್ಸರ್, ಪಾಯಿಂಟು, ತಂತಿ, ಪ್ಲಗ್ಗುಗಳನ್ನು ಪರೀಕ್ಷಿಸುವುದೂ ಅಗತ್ಯ. ಒಮ್ಮೆ ಕೆಟರಿಂಗ್ ಅವರ ಕಾಯಿಲಿನ ಮೇಲೆಯೇ ಸುಳ್ಳು ಆಪಾದನೆ ಬಂದಿತ್ತಲ್ಲವೆ!

ಯಾವ ಭಾಗವೂ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟುದೂ ಅಲ್ಲ; ಅದು ಸೇರುವ ಇಡಿಯೊಡನೆ ಹೊಂದಿದಾಗಲೇ ಅದಕ್ಕೆ ಬೆಲೆ. ಬ್ಯಾಟರಿ, ಕಿಡಿ, ಚಾಲನೆ, ದೀಪ ಇವೆಲ್ಲವನ್ನೂ ಒಂದಾಗಿ ಕಂಡಾಗ ಕೆಟರಿಂಗ್ ಲೋಕಕ್ಕೆ ಉಪಕಾರಿಯಾದರು. ಎಂಜಿನ್ನೊಂದನ್ನೇ ಕಂಡು, ಅದರ ಹೊಗೆಯನ್ನು ಉಸಿರಾಡುವ ಮನುಷ್ಯನನ್ನು ಲೆಕ್ಕಕ್ಕೆ ಸೇರಿಸದೆ ಹೋದಾಗ ಅದೇ ಪ್ರತಿಭೆ ಕೇಡಿಗೆ ದಾರಿಯಾಯಿತು. ಮಂದಗಣ್ಣಿನ ರೈತರ ಮಗನೊಬ್ಬ ಛಲದಿಂದ ಏನನ್ನು ಸಾಧಿಸಬಹುದೆಂಬುದನ್ನು ಅವರ ಬಾಳಿನ ಮೊದಲ ಭಾಗ ತೋರಿಸುತ್ತದೆ. ಸಾಧಿಸಿದ್ದನ್ನು ಎಷ್ಟು ದೂರದವರೆಗೆ ಯೋಚಿಸಿ ನೋಡಬೇಕೆಂಬುದನ್ನು ಎರಡನೆಯ ಭಾಗ ಕಲಿಸುತ್ತದೆ. ಇವೆರಡನ್ನೂ ಕಲಿತವನೇ ನಿಜವಾದ ಎಂಜಿನಿಯರ್.